ಒಣ ಹಲಗೆಯ ಮೇಲಿನ ಸೊನ್ನೆ

ಕಿಟಕಿಯ ಬಿಸಿಲಲ್ಲಿ ಧೂಳು ತೇಲುತ್ತಿದೆ, ಮರದ ಹೊಟ್ಟೇ ಇರಬೇಕು — ಎಲ್ಲಿಂದ ಬರಬೇಕು ಹೊಟ್ಟು, ಸಾಮಿಲ್ಲು ಮುಚ್ಚಿ ಇಪ್ಪತ್ತೆರಡು ವರ್ಷ, ಆದರೂ ಮೂಗಿಗೆ ಹಸಿ ಮರದ ವಾಸನೆ, ಈ ಕೋಣೆ ಈಗ ವಾಚನಾಲಯ, ಆಗ ರೈಲು ಸ್ಟೇಷನ್ನು, ಕಂಬಿ ಕಿತ್ತುಕೊಂಡು ಹೋದವರು ತೂಕದ ಯಂತ್ರ ಬಿಟ್ಟುಹೋಗಿದ್ದಾರೆ, ಮಕ್ಕಳು ಹತ್ತಿ ಕುಣಿದರೂ ಮುಳ್ಳು ಹನ್ನೆರಡು ಕಿಲೋ ಬಿಟ್ಟು ಅಲ್ಲಾಡುವುದಿಲ್ಲ, ಎದುರಿಗೆ ಶಾಲೆಯ ಟೀಚರು, ಊರಿನ ಚರಿತ್ರೆ ಬರೆಯುತ್ತಿದ್ದಾಳೆ, ಊರಿಗೆ ನೂರು ವರ್ಷವಂತೆ, ಅಜ್ಜಿ, ಮೊದಲು ಬಂದಿದ್ದು ರೈಲೋ ಮಿಲ್ಲೋ, ರೈಲೇ ಕಣಮ್ಮ, ಅದರ ಹಿಂದೆ ಮಿಲ್ಲು, ಮಿಲ್ಲಿನ ಹಿಂದೆ ನಾವು, ಕೊಯ್ದು ಉಳಿದ ಹಲಗೆಯಲ್ಲೇ ಮನೆ ಕಟ್ಟಿಕೊಂಡೆವು, ಹಾಸಿಗೆಗೂ ಹೊಟ್ಟು, ಒಲೆಗೂ ಹೊಟ್ಟು, ನಿನ್ನ ತಲೇಲಿ ಇರೋದೂ ಅದೇ ಕಣೇ ಎನ್ನುತ್ತಿದ್ದ ಅಣ್ಣ. ಅವಳು ಟೀ ಲೋಟ ಎತ್ತುತ್ತಾಳೆ, ಮೇಜಿನ ಮೇಲೆ ದುಂಡನೆಯ ಒದ್ದೆ ಗುರುತು, ನಾನು ಸೆರಗಿನಿಂದ ಒರೆಸುತ್ತೇನೆ. ಅವಳ ಬೆರಳು ಅವಳ ತಾತನದೇ, ಉದ್ದ, ತುದಿ ಚಪ್ಪಟೆ, ಸರಪಳಿ ಬಿಗಿಯುತ್ತಿದ್ದ ಬೆರಳು.

ವ್ಯಾಗನ್ನಿಗೆ ದಿಮ್ಮಿ ಏರಿಸಿದ ಮೇಲೆ ಅದು ಉರುಳದಂತೆ ಪಕ್ಕದಲ್ಲಿ ಆಸರೆ ಕಂಬ, ಸರಪಳಿಯವರು, ಇವಳ ತಾತ, ಬಿಗಿದು, ಮೂರು ಸಲ ಜಗ್ಗಿ, ಆಯ್ತು ತಂಗಿ ಎನ್ನಬೇಕು, ಆಮೇಲೆ ನಾನು ವ್ಯಾಗನ್ನಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಸೊನ್ನೆ ಬರೆಯಬೇಕು, ಸೊನ್ನೆ ಕಂಡರೆ ಅಣ್ಣ ಕಂಬ ಹೊಡೆದು ತೆಗೆಯುವನು, ಗರಗಸದ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳುತ್ತದೆ, ಸೊನ್ನೆಯೇ ಮಾತು. ಆ ದಿನ ಮೋಡ ಕವಿದಿತ್ತು, ಒದ್ದೆ ಹಲಗೆಗೆ ಸೀಮೆಸುಣ್ಣ ಹಿಡಿಯುವುದಿಲ್ಲ, ಒಣಗಿರುವಾಗಲೇ ಬರೆದುಬಿಡೋಣ ಅನ್ನಿಸಿತು, ಎಂಟು ವ್ಯಾಗನ್ನಿಗೂ ಬರೆದೆ, ಹೇಗೂ ಬಿಗಿಯುತ್ತಾರಲ್ಲ, ಎಂಟನೆಯದಕ್ಕೆ ಸರಪಳಿ ಸಾಲದೆ ಬಂತು, ಬೇರೆ ತರಲು ಅವರು ಶೆಡ್ಡಿಗೆ ಹೋದರು, ಅಣ್ಣ ಬಂದ, ಸೊನ್ನೆ ನೋಡಿದ, ನನ್ನತ್ತ ತಿರುಗಿ ನಕ್ಕ, ನಾನೂ ನಕ್ಕೆ — ದಿಮ್ಮಿಗಳು ಅಷ್ಟು ನಿಧಾನವಾಗಿ ಉರುಳುತ್ತವೆ ಎಂದು ಯಾರೂ ಹೇಳಿರಲಿಲ್ಲ, ಕನಸಿನಲ್ಲಿ ಈಗಲೂ ಅವು ನೆಲ ಮುಟ್ಟುವುದಿಲ್ಲ. ಮಳೆ ಒಂದು ಹನಿ ಬರಲಿಲ್ಲ. ಬಂದಿದ್ದರೆ ಸೊನ್ನೆ ಅಳಿಸಿಹೋಗಿ ಅಣ್ಣ ಉಳಿಯುತ್ತಿದ್ದ.

ಸೊನ್ನೆ ಇದೆ ಅಂದಮೇಲೆ ಬಿಗಿದಿರಲೇಬೇಕು, ಸರಪಳಿ ಸಡಿಲವಿತ್ತು ಅಂದರು ಎಲ್ಲರೂ, ಬಾಯಿ ಬಿಡಬೇಕಾದವಳು ನಾನು, ತುಟಿ ಪಿಟಕ್ಕೆನ್ನಲಿಲ್ಲ, ಅಮ್ಮನಿಗೆ ಉಳಿದವಳು ನಾನೊಬ್ಬಳೇ, ಅವಳ ಮುಖ ನೋಡಿ ಹೇಗೆ ಹೇಳಲಿ, ಇವಳ ತಾತನ ಕೆಲಸ ಹೋಯಿತು, ಸಡಿಲಪ್ಪ ಎಂದು ಹೆಸರು ಬಿತ್ತು, ಆಮೇಲೆ ಕಾಡು ಮುಗಿಯಿತು, ದಿನಕ್ಕೆರಡು ರೈಲು ವಾರಕ್ಕೊಂದಾಯಿತು, ಮಿಲ್ಲು ಹೋಯಿತು, ಆ ಹೆಸರು ಮಾತ್ರ ಹೋಗಲಿಲ್ಲ, ಕೊನೆಯ ರೈಲು ಹೊರಟ ದಿನ ಪ್ಲಾಟ್‌ಫಾರ್ಮಿನಲ್ಲಿ ಅವರು ನನ್ನ ಪಕ್ಕ ಬಂದು ನಿಂತರು, ಮುದುಕರಾಗಿದ್ದರು, ಆವತ್ತು ಮಳೆ ಬರೋ ಹಾಗಿತ್ತು ಅಲ್ವಾ ತಂಗಿ, ಅಷ್ಟೇ ಅಂದರು, ಎಲ್ಲ ಗೊತ್ತಿತ್ತು ಅವರಿಗೆ, ಹೊಟ್ಟೆಗೆ ಹಾಕಿಕೊಂಡಿದ್ದರು. ಅಜ್ಜಿ, ಹೀಗೆ ಬರೆದಿದೀನಿ ಕೇಳಿ, ಸರಪಳಿ ಬಿಗಿಯುವವನ ಅಜಾಗರೂಕತೆಯಿಂದ — ನಮ್ಮ ತಾತ ಅಂತ ಬಿಟ್ಟುಬಿಟ್ರೆ ಸರಿ ಹೋಗಲ್ಲ ಅಲ್ವಾ — ನನಗೆ ನಾಚಿಕೆಯಾಗುತ್ತಿದೆ, ಐವತ್ತೈದು ವರ್ಷದ ನಾಚಿಕೆ, ಹೊಡೆದುಹಾಕಮ್ಮ ಅದನ್ನ, ಅಂದೆನೇ, ಅಂದೆ ಇರಬೇಕು, ಪೆನ್ನು ನಿಂತಿದೆ, ಮತ್ತೇನು ಬರೀಲಿ ಅಜ್ಜಿ, ಮೋಡ ಇತ್ತು ಅಂತ ಬರಿ, ಸರಪಳಿಗಿಂತ ಮುಂಚೆ ಸೊನ್ನೆ ಬಿದ್ದಿತ್ತು ಅಂತ ಬರಿ, ಯಾರು ಹಾಕಿದ್ದು ಅಜ್ಜಿ, ಬಿಸಿಲು ಮೇಜಿನವರೆಗೆ ಬಂದಿದೆ, ನನ್ನ ಬೆರಳಲ್ಲೆಲ್ಲ ಬಿಳಿ ಪುಡಿ, ಅಣ್ಣ ತಿರುಗಿ ನಗುತ್ತಾನೆ, ನಾನು, ನಾನೇ ಕಣಮ್ಮ, ಒಣ ಹಲಗೆ, ಅದರ ಮೇಲೆ ಬಿಳಿ ಸೊನ್ನೆ, ದುಂಡಗೆ, ಒಂದು ಚೂರೂ ಅಳಿಸದೆ