ಮಾಪ್ಳೆಯ ಕೈ

ನನ್ನ ಅಣ್ಣ ಮೋಹನ್ ರಾಜ್‌ಗೆ ಗುಟ್ಟು ಮಾತಾಡುವುದೆಂದರೆ ಕನ್ನಡದಲ್ಲಿ ಮಾತಾಡುವುದು. ತಮಿಳುನಾಡಿನ ಪಲ್ಲಡಂ ಕಡೆಯ ನಮ್ಮ ಜನರ ಅಭ್ಯಾಸವೇ ಅದು. ಅಂಗಡಿಯಲ್ಲಿರಲಿ, ಬಸ್ಸಿನಲ್ಲಿರಲಿ, ಪಕ್ಕದವರಿಗೆ ತಿಳಿಯಬಾರದ್ದು ಬಂದ ಕೂಡಲೇ ತಮಿಳು ಬಿಟ್ಟು ಮನೆಮಾತಿಗೆ ಇಳಿಯುತ್ತೇವೆ. ದನಿ ತಗ್ಗಿಸುವ ಗೋಜಿಗೂ ಹೋಗುವುದಿಲ್ಲ. ಆವತ್ತು ಆಸ್ಪತ್ರೆಯಲ್ಲೂ ಅಣ್ಣ ಹಾಗೇ ಮಾಡಿದ.

ನನ್ನ ಗಂಡ ಮಯಿಲ್‌ಸಾಮಿ ಮಂಚದ ಮೇಲೆ ಮಲಗಿದ್ದರು. ಬಲಗೈಗೆ ಸುತ್ತಿದ ಬಟ್ಟೆ ನೆನೆದು ಕಪ್ಪಾಗಿತ್ತು. ಅಣ್ಣನ ಪವರ್‌ಲೂಮ್ ಶೆಡ್ಡಿನಲ್ಲಿ ಮೋಟಾರಿನ ಬೆಲ್ಟಿಗಿದ್ದ ಜಾಲರಿಯನ್ನು ರಿಪೇರಿಗೆಂದು ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ಬೆಲ್ಟು ಇವರ ಕೈಯನ್ನು ಒಳಗೆಳೆದುಕೊಂಡಿತ್ತು. ನಾನು ಬರುವ ಹೊತ್ತಿಗೆ ಅಣ್ಣ ಡಾಕ್ಟರಮ್ಮನಿಗೆ ತಮಿಳಿನಲ್ಲಿ ಎಲ್ಲ ಹೇಳಿಬಿಟ್ಟಿದ್ದ: ಮನೆಯ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿತು, ಇವರು ನನ್ನ ತಂಗಿಯ ಗಂಡ.

ನಮ್ಮ ಮನೆಯಲ್ಲಿ ಒಂದು ಕೋಳಿಯೂ ಇಲ್ಲ, ಮೇವು ಯಾರಿಗೆ?

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ತಮಿಳು ಸ್ವಲ್ಪ ತೊದಲುತ್ತಿತ್ತು. ಪಕ್ಕದ ಕೇರಳದವರಿರಬೇಕು ಅಂದುಕೊಂಡೆ. ಅವರು ಇವರ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ಅವರ ಎದುರಿಗೇ ಅಣ್ಣ ಕನ್ನಡದಲ್ಲಿ ಶುರು ಮಾಡಿದ.

"ಅಮ್ಮಣಿ, ನಿನ್ನ ಕೇಳುದ್ರೆ ನೀನೂ ಹಂಗೇ ಹೇಳು. ಶೆಡ್ಡು ಅಂದ್ರೆ ಪೊಲೀಸು, ಕೇಸು, ಕರೆಂಟು ಕಟ್. ಜಾಲರಿ ಎಲ್ಲಿ ಅಂತ ಕೇಳ್ತಾರೆ. ಆಸ್ಪತ್ರೆ ಸೆಲವು ಪೂರಾ ನಾನ್ ನೋಡ್ಕೊಳ್ತೀನಿ. ಮಾಪ್ಳೆನ ಬುಟ್ಬುಡ್ತೀನಾ ನಾನು?"

ತಂಗಿಯ ಗಂಡನನ್ನು ಮಾಪ್ಳೆ, ಹೆಂಡತಿಯ ಅಣ್ಣನನ್ನು ಮಚ್ಚಾನ್ ಅನ್ನುವುದು ನಮ್ಮಲ್ಲಿ ಪ್ರೀತಿಯ ಮಾತು. ಆ ಪ್ರೀತಿಯಲ್ಲೇ ಇವರು ಇಷ್ಟು ವರ್ಷ ಅವನ ಶೆಡ್ಡಿನಲ್ಲಿ ಬೆವರು ಹರಿಸಿದ್ದು. ಧಣಿಯನ್ನು ಮೊದಲಾಳಿ ಎಂದು ಕರೆಯುವ ಬೇರೆ ಆಳುಗಳಿಗೆ ಕೆಲಸಗಾರರ ಕಾರ್ಡು ಮಾಡಿಸಿದ, ಇವರಿಗೆ ಮಾಡಿಸಲಿಲ್ಲ. "ನೆಂಟರಿಗೆ ಎಂತ ಕಾರ್ಡು? ಮಾಪ್ಳೆ ಕೂಲಿಯವನಾ?" ಅಂದ. ಇವರಿಗೂ ಅದು ಮರ್ಯಾದೆಯಾಗಿಯೇ ಕೇಳಿಸಿತು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತಾರಲ್ಲ, ನಮ್ಮಣ್ಣನದು ಅದೇ. ಪ್ರೀತಿ ಬೇಕಾದಷ್ಟಿತ್ತು, ಅಕ್ಕಿ ಮಾತ್ರ ಕೈ ಬಿಡುತ್ತಿರಲಿಲ್ಲ.

ಅವನ ಮಾತನ್ನು ನಂಬಬೇಕೆಂದು ನನಗೂ ಆಸೆಯಿತ್ತು. ಆದರೆ ಧನಪಾಲ್ ಕಣ್ಣ ಮುಂದೆ ಬಂದ. ಅದೇ ಶೆಡ್ಡಿನಲ್ಲಿ ಅವನ ಕಾಲಿನ ಮೇಲೆ ನೂಲು ಸುತ್ತಿದ ಭಾರದ ಉರುಳೆ ಬಿದ್ದಾಗಲೂ ಅಣ್ಣ ಹೀಗೇ ಎದೆ ಮುಟ್ಟಿಕೊಂಡು ಹೇಳಿದ್ದ. ಮೊದಲ ಆಪರೇಷನ್ ಮಾಡಿಸಿದ. ಎರಡನೆಯದಕ್ಕೆ ಮಾರ್ಕೆಟ್ ಡಲ್ಲು ಅಂದ. ಆಮೇಲೆ ಫೋನ್ ಎತ್ತಲಿಲ್ಲ. ಧನಪಾಲ್ ಈಗ ಅವಿನಾಶಿ ಬಸ್ ಸ್ಟ್ಯಾಂಡಿನಲ್ಲಿ ಊರುಗೋಲು ಪಕ್ಕಕ್ಕಿಟ್ಟು ಕಡಲೆಕಾಯಿ ಮಾರುತ್ತಾನೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ.

"ಬರೆದು ಕೊಡ್ತೀಯಾ ಅಣ್ಣ?" ಅಂದೆ.

"ಒಡಹುಟ್ಟಿದೋನ ಹತ್ರ ಬರವಣಿಗೆ ಕೇಳ್ತೀಯಾ?" ಅಣ್ಣನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರೇ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. "ನಿನ್ನ ಮಗಳು ನಿವೇತಾಗೆ ಕಿವಿ ಚುಚ್ಚಿಸ್ದಾಗ ಮಡಿಲಲ್ಲಿ ಕೂರಿಸ್ಕೊಂಡೋನು ಯಾರು? ನಾಳೆ ಅವಳ ಮದುವೆಗೆ ಸೋದರಮಾವ ಅಂತ ಯಾರು ಬಂದು ನಿಲ್ಬೇಕು? ಆ ಬೆಲ್ಟಿನ ಮಾತು ನಿನ್ನ ಬಾಯಿಂದ ಬಂದ್ರೆ, ಆವತ್ತಿಗೆ ತವರು ಮುಗೀತು ಅಂದ್ಕೋ."

ಮಂಚದಿಂದ ಇವರ ದನಿ ಬಂತು. "ಮಚ್ಚಾನ್ ಹೇಳ್ದಂಗೆ ಹೇಳ್ಬುಡು ಈಶ್ವರಿ." ತುಟಿ ಒಣಗಿ ಬಿಳಿಚಿಕೊಂಡಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಹೋಗುತ್ತಿರುವುದು ಇವರ ಕೈ, ಮುಲಾಜು ಮಾತ್ರ ಇನ್ನೂ ಅಣ್ಣನದು!

ಡಾಕ್ಟರಮ್ಮ ತಲೆಯೆತ್ತಿದರು.

"ಅಮ್ಮ, ನಾನು ಸೃಷ್ಟಿ. ದಾವಣಗೆರೆಯವಳು," ಅಂದರು, ಅಚ್ಚ ಕನ್ನಡದಲ್ಲಿ.

ಅಣ್ಣನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ನನಗೋ ಬೀದಿಯಲ್ಲಿ ಸೆರಗು ಜಾರಿದಷ್ಟು ನಾಚಿಕೆಯಾಯಿತು.

"ನೀವು ಮಾತಾಡಿದ್ದೆಲ್ಲ ಕೇಳಿಸ್ತು. ಆದ್ರೆ ನೀವು ನಿಮ್ಮೊಳಗೆ ಆಡಿದ ಮಾತನ್ನ ನಾನು ಬರೆಯೋ ಹಾಗಿಲ್ಲ. ನನ್ನ ಹತ್ರ ಹೇಳಿದ್ರೆ ಮಾತ್ರ ಬರೀತೀನಿ. ಈ ಕೈ ಒಂದು ಆಪರೇಷನ್ನಿಗೆ ಸರಿಹೋಗೋದಲ್ಲ, ಆಮೇಲೂ ತುಂಬಾ ದಿನ ನೋಡ್ಕೋಬೇಕು. ಮನೇಲಿ ಆಗಿದ್ದು ಅಂತ ಬರೆದ್ರೆ ನಾಳೆ ಪರಿಹಾರ ಕೇಳೋದು ಬಹಳ ಕಷ್ಟ ಆಗುತ್ತೆ. ಈಗ ಹೇಳಿ, ಕೈ ಎಲ್ಲಿ ಸಿಕ್ಕಿದ್ದು?"

ಅಣ್ಣ ನನ್ನ ಮೊಣಕೈ ಹಿಡಿದುಕೊಂಡ. ಜೋರಾಗಿ ಹಿಡಿಯಲಿಲ್ಲ. ಚಿಕ್ಕವಳಿದ್ದಾಗ ರಸ್ತೆ ದಾಟಿಸಲು ಹಿಡಿಯುತ್ತಿದ್ದ ಹಾಗೆ ಹಿಡಿದ. ಹೊಡೆದಿದ್ದರೆ ಸುಲಭವಾಗುತ್ತಿತ್ತು ನನಗೆ. ತವರು ಬೇಕಿತ್ತು ನನಗೆ, ಸುಳ್ಳು ಹೇಳಲಾರೆ. ಆದರೆ ಈ ಕೈ ಹೋದರೆ ಇವರಿಗೆ ತುತ್ತು ಕಲಸಿ ಬಾಯಿಗಿಡಬೇಕಾದವಳು ನಾನು. ಆಗ ತವರು ಬಂದು ಕಲಸುತ್ತದೆಯೇ?

ಕನ್ನಡದಲ್ಲಿ ಹೇಳಲಿಲ್ಲ. ಪಕ್ಕದ ಮಂಚದವರಿಗೂ, ಬಾಗಿಲಲ್ಲಿ ನಿಂತ ನರ್ಸ್ ತೆನ್ಮೊಳಿಗೂ ಕೇಳುವ ಹಾಗೆ ತಮಿಳಿನಲ್ಲಿ ಹೇಳಿದೆ. ಲೂಮಿನ ಬೆಲ್ಟಿಗೆ ಸಿಕ್ಕಿತು. ಬೆಲ್ಟಿಗೆ ಜಾಲರಿ ಇರಲಿಲ್ಲ. ಶೆಡ್ಡು ಇಲ್ಲಿ ನಿಂತಿರುವ ಮೋಹನ್ ರಾಜ್ ಅವರದೇ. ನನ್ನ ಗಂಡ ಅಲ್ಲಿ ಕೆಲಸ ಮಾಡುತ್ತಾರೆ, ಶನಿವಾರ ಶನಿವಾರ ಸಂಬಳ ತರುತ್ತಾರೆ.

ಅಣ್ಣ ಕೈ ಬಿಟ್ಟ.

"ಹೌದಾ ಸಾರ್?" ಡಾಕ್ಟರಮ್ಮ ಅವನನ್ನು ಕೇಳಿದರು. "ನೀವು ಪೇಷಂಟ್‌ನ ಬರೀ ತಂಗಿ ಗಂಡ ಅಂದ್ರಲ್ಲ. ಈ ಅಮ್ಮ ನಿಮ್ಮ ತಂಗಿ ಅಲ್ವಾ?"

ಅಣ್ಣನ ಮುಖ ಕೆಂಪಗಾಗಿ ಕುತ್ತಿಗೆಯ ನರ ಎದ್ದಿತ್ತು. ನನ್ನ ಕಡೆ ನೋಡಲೂ ಇಲ್ಲ. ಎಲ್ಲರೂ ಕೇಳುವಂತೆ ತಮಿಳಿನಲ್ಲಿ ಕೂಗಿದ. "ಎನಕ್ಕು ತಂಗಚ್ಚಿಯೇ ಇಲ್ಲ! ಎನ್‌ಕಿಟ್ಟ ವೇಲೆ ಪಾಕ್ಕುರವನೋಡ ಪೊಂಡಾಟ್ಟಿ ಇವ. ಅವ್ವಳವುದಾನ್!"

ನನಗೆ ತಂಗಿಯೇ ಇಲ್ಲ, ಇವಳು ನನ್ನ ಹತ್ತಿರ ಕೆಲಸ ಮಾಡುವವನ ಹೆಂಡತಿ, ಅಷ್ಟೇ.

ಡಾಕ್ಟರಮ್ಮ ಪೆನ್ನು ತೆಗೆದು, "ನಿಮ್ಮ ಹತ್ರ ಕೆಲಸ ಮಾಡುವವರು," ಎಂದು ತಮಿಳಿನಲ್ಲೇ ನಿಧಾನವಾಗಿ ಅಂದು, ಬರೆದರು. ಏನು ಹೇಳಿಬಿಟ್ಟೆ ಎಂದು ಆಗ ಅಣ್ಣನಿಗೆ ಹೊಳೆಯಿತು. ಮಾತು ವಾಪಸ್ಸು ತೆಗೆದುಕೊಳ್ಳಬೇಕಾದರೆ ನನ್ನನ್ನು ತಂಗಿ ಅನ್ನಬೇಕಿತ್ತು. ಅನ್ನಲಿಲ್ಲ. ಚಪ್ಪಲಿ ಬಡಿಯುತ್ತಾ ಹೊರಟುಹೋದ.

ಇವರನ್ನು ಆಪರೇಷನ್ನಿಗೆ ತಳ್ಳಿಕೊಂಡು ಹೋದರು. ಅಳುವುದಿಲ್ಲ ಅಂದುಕೊಂಡರೂ ಕಣ್ಣೀರು ನಿಲ್ಲಲಿಲ್ಲ. ತೆನ್ಮೊಳಿ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಮೆಟ್ಟಿಲಿಳಿಯುತ್ತಿದ್ದ ಅಣ್ಣನ ಕಡೆ ಕೈ ತೋರಿಸಿ ಕೇಳಿದಳು, "ಯಾರಕ್ಕಾ ಅವರು, ನಿಮಗೆ ಸಂಬಂಧವಾ?"

"ಇಲ್ಲ," ಅಂದೆ. "ಮೊದಲಾಳಿ."