ಕೇಳದೆ ಬಿಟ್ಟ ಎರಡನೇ ಪ್ರಶ್ನೆ

ಬೆಳ್ಳಾರೆಯಲ್ಲಿ ಹಳೇ ಜೀಪು ಕೊಳ್ಳುವವರು ಮೊದಲು ದೇವರಿಗೆ ಕೈಮುಗಿದು ಆಮೇಲೆ ಈ ಕೃಷ್ಣಮೋಹನನ ಹತ್ತಿರ, ಎಂದರೆ ನನ್ನ ಹತ್ತಿರ, ಬರುತ್ತಾರೆ. ದೇವರನ್ನು ಬಿಟ್ಟು ನೇರ ಬರುವವರೂ ಇದ್ದಾರೆ. ನನ್ನ ವಿದ್ಯೆ ಒಂದೇ. ನಾನು ಗಾಡಿಯನ್ನು ಅಷ್ಟಾಗಿ ನೋಡುವುದಿಲ್ಲ, ಅದನ್ನು ಇಟ್ಟುಕೊಂಡವನನ್ನು ಮಾತಾಡಿಸುತ್ತೇನೆ.

ನಮ್ಮ ಕಡೆಯವರು ತಮ್ಮ ಸಾಮಾನಿನ ಬಗ್ಗೆ ಸುಳ್ಳು ಹೇಳುವುದು ಕಡಿಮೆ, ನಿಜವನ್ನು ಸಣ್ಣ ಮಾಡಿ ಹೇಳುವುದು ಹೆಚ್ಚು. ಗೇರ್‌ಬಾಕ್ಸಿಗೆ ಏನಾದರೂ ತೊಂದರೆ ಉಂಟಾ ಎಂದು ಕೇಳಿ, ತುಳುವಿನಲ್ಲಿ "ಮಲ್ಲ ಇಜ್ಜಿ" ಎನ್ನುತ್ತಾರೆ. ದೊಡ್ಡದೇನಿಲ್ಲ ಎಂದರ್ಥ. ಚಹಾ ಚೆಲ್ಲಿದರೂ ಮಲ್ಲ ಇಜ್ಜಿ, ಕಾಲು ಮುರಿದುಕೊಂಡು ಮಲಗಿದವನನ್ನು ವಿಚಾರಿಸಿದರೂ ಮಲ್ಲ ಇಜ್ಜಿ. ಅಲ್ಲಿಗೆ ನಿಲ್ಲಿಸಿದವನು ಕೆಟ್ಟ. "ಹಾಗಾದರೆ ಸಣ್ಣದು ಎಂತ ಉಂಟು?" ಎಂದು ಎರಡನೇ ಪ್ರಶ್ನೆ ಕೇಳಬೇಕು. ಆಗ ಎಲ್ಲ ಹೊರಗೆ ಬರುತ್ತದೆ. ಮೂವತ್ತು ವರ್ಷ ನನಗೆ ಅನ್ನ ಹಾಕಿದ್ದು ಈ ಎರಡನೇ ಪ್ರಶ್ನೆ.

ಕಡಬದ ತಂಬಿಚ್ಚನಿಗೆ ಹತ್ತು ವರ್ಷದ ಹಿಂದೆ ಒಂದು ಜೀಪು ಕೊಡಿಸಿದ್ದೆ. ಅದು ಇವತ್ತಿಗೂ ಅವರ ರಬ್ಬರ್ ತೋಟದ ಏರು ಹತ್ತುತ್ತದೆ. ಆ ಜೀಪಿನ ಮೇಲಿನ ನಂಬಿಕೆಯಿಂದಲೇ ಅವರು ನನ್ನನ್ನು ಹಾಯಿದೋಣಿ ಆರಿಸಲಿಕ್ಕೆ ಕರೆದದ್ದು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಇಪ್ಪತ್ತೆಂಟು ವರ್ಷ ಸರಕಿನ ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದವರು ಅವರು, ಸಮುದ್ರ ನೋಡಿದ್ದಕ್ಕಿಂತ ಎಣ್ಣೆ ನೋಡಿದ್ದು ಹೆಚ್ಚು. ಅಷ್ಟೂ ವರ್ಷ ತೋಟ ನೋಡಿಕೊಂಡವರು ಹೆಂಡತಿ ಸಿಸಿಲಿ. ಆಕೆಯನ್ನು ಒಮ್ಮೆ ಹಾಯಿ ಬಿಚ್ಚಿ ಲಕ್ಷದ್ವೀಪಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಮದುವೆಯಾದ ವರ್ಷವೇ ಮಾತು ಕೊಟ್ಟಿದ್ದರಂತೆ.

ತಂಬಿಚ್ಚ ಒಂದು ನೀಲಿ ಪುಸ್ತಕ ಮಾಡಿದ್ದರು. ದೋಣಿ ಇಟ್ಟುಕೊಂಡವರು ಹೇಳಿದ್ದೆಲ್ಲ ಅದರಲ್ಲಿ. ಕೊಚ್ಚಿಯ ಡಾಕ್ಟರೊಬ್ಬರ ದೋಣಿ ಇಪ್ಪತ್ತೆಂಟು ಅಡಿ. ಒಳಗೆ ತಲೆ ಎತ್ತಿ ನಿಲ್ಲಲಿಕ್ಕಾಗದೆ ಅವರ ಹೆಂಡತಿ ಎರಡನೇ ಸಲ ಬರಲೇ ಇಲ್ಲ. ಗೋವಾದ ಗಂಡ ಹೆಂಡತಿಯದ್ದು ನಲವತ್ತೆರಡು ಅಡಿ. ಗಾಳಿ ಎದ್ದರೆ ಆ ದೊಡ್ಡ ಹಾಯಿಯನ್ನು ಇಬ್ಬರೇ ಇಳಿಸಲು ಆಗುವುದಿಲ್ಲ, ನಮಗೂ ವಯಸ್ಸಾಯಿತು ಎಂದಿದ್ದರು. ಮಂಗಳೂರಿನ ಹತ್ತಿರ ನದಿಯಲ್ಲಿ ಕಟ್ಟಿದ್ದ ದೋಣಿ ಮೂವತ್ತನಾಲ್ಕು ಅಡಿ. ಎರಡೂ ತೊಂದರೆ ಅದಕ್ಕಿಲ್ಲ. ಅದರ ಯಜಮಾನ ದುಬೈಯಲ್ಲಿದ್ದ, ವರ್ಷಕ್ಕೊಮ್ಮೆ ಬಂದು ಫೋಟೋ ತೆಗೆಸಿಕೊಂಡು ಹೋಗುವವನು. ಹನ್ನೊಂದು ವರ್ಷದಿಂದ ದೋಣಿಯನ್ನು ತೊಳೆದು, ಬಣ್ಣ ಬಳಿದು, ಕಡಲಿಗೆ ಇಳಿಸುತ್ತಿದ್ದವನು ಜತ್ತಪ್ಪ. ಅನುಭವ ಕೇಳುವುದಾದರೆ ಅವನನ್ನೇ ಕೇಳಬೇಕು, ಅವನಿಗೆ ಸಲೀಸಾಗಿ ಬರುವುದು ತುಳು, ತಂಬಿಚ್ಚನಿಗೆ ತುಳು ಬರುವುದಿಲ್ಲ. ಹಾಗೆ ನಾನು ಹೋದೆ.

ಜನವರಿಯ ಒಂದು ದಿನ ತಂಬಿಚ್ಚ, ಸಿಸಿಲಿ, ಜತ್ತಪ್ಪ, ನಾನು ನದಿಯಲ್ಲೇ ಒಂದು ಸುತ್ತು ಹೊಡೆದೆವು. ನೀರು ಬಟ್ಟಲಲ್ಲಿಟ್ಟ ಹಾಗಿತ್ತು. ಬಿಸಿಲಿಗೆ ನನಗೆ ತಲೆ ತಿರುಗಿತು. ಆದರೂ ಕ್ರಮದಲ್ಲಿ ಕೇಳಿದೆ. ತಳಕ್ಕೆ ನೀರು ಬರುತ್ತದಾ, ಹಾಯಿ ಎಷ್ಟು ಹಳೆಯದು, ಇಂಜಿನ್ ಯಾವಾಗ ಬಿಚ್ಚಿದ್ದು. ಒಂದೊಂದಕ್ಕೂ ಎರಡನೇ ಪ್ರಶ್ನೆ ಹಾಕಿದೆ. ಜತ್ತಪ್ಪನೂ ಮುಚ್ಚುಮರೆಯಿಲ್ಲದೆ ಹೇಳಿದ. ಕೊನೆಗೆ ಉಳಿದದ್ದು ಚುಕ್ಕಾಣಿ. ಅದಕ್ಕೆ ಏನಾದರೂ ತೊಂದರೆ ಉಂಟಾ ಎಂದೆ. ಅವನು ಚುಕ್ಕಾಣಿಯ ಹಿಡಿಯ ಮೇಲೆ ಕೈಯಿಟ್ಟು ಒಂದು ಕ್ಷಣ ನೀರು ನೋಡಿದ.

"ಮಲ್ಲ ಇಜ್ಜಿ," ಎಂದ.

ಆಗ ಗಂಟೆ ಒಂದೂವರೆ. ದಡದ ಮೇಲಿನ ಹೋಟೆಲಿನಲ್ಲಿ ಎರಡಕ್ಕೆ ಮೀನೂಟ ಮುಗಿಯುತ್ತದೆ ಎಂದು ಬರುವಾಗಲೇ ಕೇಳಿಕೊಂಡಿದ್ದೆ. ಬೇರೆ ಕಾರಣ ಹೇಳಬಹುದಿತ್ತು, ಇಲ್ಲ. ಬಂಗುಡೆ ಪುಳಿಮುಂಚಿಯ ಆಸೆಗೆ ನಾನು ಎರಡನೇ ಪ್ರಶ್ನೆಯನ್ನು ನುಂಗಿದೆ. ಜತ್ತಪ್ಪ ಹಗ್ಗ ಕಟ್ಟಲು ದಡಕ್ಕೆ ಹಾರಿದ. ಒಳಗೆ ಹಾಸಿಗೆಯಲ್ಲಿ ಕಾಲು ಚಾಚಿ ಅಳತೆ ನೋಡುತ್ತಿದ್ದ ತಂಬಿಚ್ಚ ಮೇಲೆ ಬಂದು, "ಚುಕ್ಕಾಣಿ?" ಎಂದು ಕೇಳಿದರು.

"ಏನೂ ಇಲ್ಲವಂತೆ," ಎಂದೆ.

ಅವರು ನೀಲಿ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡರು. ಹಿಂದಿನ ಮೆಟ್ಟಿಲಲ್ಲಿ ಬುತ್ತಿಚೀಲ ಹಿಡಿದು ಕೂತಿದ್ದ ಸಿಸಿಲಿ ನನ್ನ ಮುಖ ನೋಡಿ ನಕ್ಕರು. ಊಟಕ್ಕೆ ಅವಸರವಾಯಿತು ಎಂದು ನಗುತ್ತಿದ್ದಾರೆ ಎಂದುಕೊಂಡೆ.

ದೋಣಿ ಕೊಂಡು ಫೆಬ್ರವರಿಯಲ್ಲಿ ಅವರಿಬ್ಬರು ಮೊದಲ ಸಲ ಅಳಿವೆ ದಾಟಲು ಹೊರಟರು. ನನ್ನನ್ನೂ ಕರೆದಿದ್ದರು, ಬೆಟ್ಟಂಪಾಡಿಯಲ್ಲಿ ಮದುವೆಯಿದೆ ಎಂದು ತಪ್ಪಿಸಿಕೊಂಡೆ. ಮದುವೆ ಇದ್ದದ್ದು ನಿಜ. ನದಿ ಕಡಲು ಸೇರುವಲ್ಲಿ ಮೂರನೆಯ ತೆರೆಗೆ ಚುಕ್ಕಾಣಿ ಕಡಿದು ಹಿಡಿ ತಂಬಿಚ್ಚನ ಕೈಯಲ್ಲಿ ಸಡಿಲವಾಯಿತು. ದೋಣಿ ಅಡ್ಡ ತಿರುಗಿತು, ಹಾಯಿಯ ಅಡ್ಡಮರ ಬೀಸಿ ಬಂದು ಸಿಸಿಲಿಯ ಬಲಗೈಗೆ ಬಡಿಯಿತು. ಎರಡು ಕಡೆ ಮುರಿಯಿತು. ಮೀನಿನ ಬೋಟಿನವರು ನೋಡದೆ ಇದ್ದಿದ್ದರೆ ನಾನು ಈ ಕಥೆ ಹೇಳುವ ಧೈರ್ಯ ಮಾಡುತ್ತಿರಲಿಲ್ಲ.

ಸುದ್ದಿ ಬಂದಾಗ ನಾನು ಮದುವೆಯ ಹೋಳಿಗೆಗೆ ಹಾಲು ಹಾಕಿಸಿಕೊಳ್ಳುತ್ತಿದ್ದೆ. ಎಲೆ ಬಿಟ್ಟು ಎದ್ದೆ. ಅಂದೇ ಹೇಳಬೇಕಿತ್ತು, ಹೇಳಲಿಲ್ಲ. ಮೂರು ವಾರ ಸುಮ್ಮನಿದ್ದೆ. ಜತ್ತಪ್ಪನ ಫೋನ್ ಎರಡು ಸಲ ಬಂತು, ಎರಡು ಸಲವೂ ಅದು ಹೊಡೆದುಕೊಳ್ಳುವುದನ್ನು ನೋಡುತ್ತಾ ಕೂತೆ. ಒಬ್ಬರ ಜೀಪಿನ ವಿಚಾರಣೆಗೆ ಸುಳ್ಯಕ್ಕೆ ಹೋದವನು ಬಾಯಿ ತೆರೆಯಲಾಗದೆ ಬಸ್ಸು ಹತ್ತಿ ವಾಪಸು ಬಂದೆ.

ಆಮೇಲೆ ತಂಬಿಚ್ಚನೇ ಕರೆದರು. ಕಡಬದ ಅವರ ಮನೆಯ ಜಗಲಿಯಲ್ಲಿ ಸಿಸಿಲಿ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದರು. ಎಡಗೈಯಲ್ಲೇ ನನಗೆ ಚಹಾ ಕೊಟ್ಟರು. ನನಗೆ ಆ ಲೋಟ ಮುಟ್ಟಲು ನಾಚಿಕೆಯಾಯಿತು.

ದೋಣಿಯವರದ್ದು ಒಂದು ವಾಟ್ಸಾಪ್ ಗುಂಪು ಉಂಟು, ಕೊಳ್ಳುವವರು ಅದನ್ನು ಓದಿಯೇ ಮುಂದುವರಿಯುವುದು ಎಂದರು ತಂಬಿಚ್ಚ. ಅದಕ್ಕೆ ತಮ್ಮ ಅನುಭವ ಹಾಕಬೇಕು, ಕರಾವಳಿಯ ಕೆಲಸದವರೂ ಓದುವ ಹಾಗೆ ಕನ್ನಡದಲ್ಲಿರಬೇಕು, ನಾನೇ ಬರೆದುಕೊಡಬೇಕು. ನೀಲಿ ಪುಸ್ತಕ ಮುಂದಿಟ್ಟರು. ನಾನು ಬರೆದೆ. ಮೂವತ್ತನಾಲ್ಕು ಅಡಿ ಇಬ್ಬರಿಗೆ ಸರಿ, ಅಡುಗೆಗೆ ಜಾಗ ಉಂಟು, ಇಂಜಿನ್ ಒಳ್ಳೆಯದು. ಆಮೇಲೆ ಅವರು ಹೇಳಿದರು, "ಇನ್ನು ಬರೆಯಿರಿ. ಜತ್ತಪ್ಪನಿಗೆ ದೋಣಿ ಕೊಡಬೇಡಿ. ಅವ ಚುಕ್ಕಾಣಿಯ ವಿಷಯ ಮುಚ್ಚಿಟ್ಟ."

ಜತ್ತಪ್ಪ ಬೇರೆ ಮೂರು ದೋಣಿ ನೋಡಿಕೊಂಡು ಬದುಕುವವನು. ಆ ಎರಡು ಸಾಲು ಸಾಕಿತ್ತು, ಅವನನ್ನು ಯಾರೂ ದೋಣಿಯ ಹತ್ತಿರ ಸೇರಿಸುತ್ತಿರಲಿಲ್ಲ.

"ಫೋನ್ ಮಾಡಿ ಬೈದೆ," ಎಂದರು ತಂಬಿಚ್ಚ. "ಹೇಳಿದ್ದೇನೆ ಅಂತ ವಾದ ಮಾಡ್ತಾನೆ. ನಮ್ಮ ಕೃಷ್ಣಮೋಹನ ಸುಳ್ಳು ಹೇಳುವ ಜನ ಅಲ್ಲ ಅಂತ ಹೇಳಿ ಇಟ್ಟೆ."

ಪೆನ್ನು ಕೆಳಗಿಟ್ಟೆ. "ಅವ ಹೇಳಿದ್ದ," ಎಂದೆ. "ಮಲ್ಲ ಇಜ್ಜಿ ಅಂದಿದ್ದ. ಸಣ್ಣದು ಎಂತ ಅಂತ ನಾನು ಕೇಳಲಿಲ್ಲ. ನನಗೆ ಊಟಕ್ಕೆ ಹೋಗ್ಲಿಕ್ಕಿತ್ತು. ಏನೂ ಇಲ್ಲ ಅಂದದ್ದು ಅವನಲ್ಲ, ನಾನು."

ತಂಬಿಚ್ಚ ನೀಲಿ ಪುಸ್ತಕ ತಿರುವಿ ಚುಕ್ಕಾಣಿಯ ಸಾಲು ಹುಡುಕಿದರು. ಬೈದಿದ್ದರೆ ಸುಖವಿತ್ತು. ಹನ್ನೊಂದು ವರ್ಷ ಆ ಹಿಡಿ ಹಿಡಿದವನ ಮಾತನ್ನು ನಾನು ಒಂದು ಮೀನಿಗೆ ಮಾರಿದ್ದೆ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ ಎಂದುಕೊಂಡೆ.

ಆಗ ಸಿಸಿಲಿ ಮಾತಾಡಿದರು.

"ಅವ ಹೇಳಿದ್ದು ನನಗೂ ಕೇಳಿಸಿತ್ತು," ಎಂದರು. "ತೋಟದ ಕೆಲಸದವರ ಹತ್ತಿರ ಇಪ್ಪತ್ತೆಂಟು ವರ್ಷ ತುಳುವಿನಲ್ಲೇ ಮಾತಾಡಿದ್ದಲ್ವಾ ನಾನು. ಮಲ್ಲ ಇಜ್ಜಿ ಅಂದ್ರೆ ಎಂತ ಅಂತ ಗೊತ್ತುಂಟು. ಆದ್ರೆ ನೀವು ಏನೂ ಇಲ್ಲ ಅಂದ್ರಿ. ಕೃಷ್ಣಮೋಹನಣ್ಣ ಹೇಳಿದ ಮೇಲೆ ನನ್ನ ಕಿವಿಯದ್ದೇ ತಪ್ಪು ಅಂತ ಗ್ರಹಿಸಿದೆ. ಅದಕ್ಕೇ ನಕ್ಕದ್ದು."

ಅವರು ಅದನ್ನು ದೂರಿನ ಹಾಗೆ ಹೇಳಲಿಲ್ಲ, ನಡೆದದ್ದನ್ನು ಹೇಳಿದರು ಅಷ್ಟೆ. ನಾನು ಪೆನ್ನು ತೆಗೆದುಕೊಂಡು ಜತ್ತಪ್ಪನ ಸಾಲು ಬರಬೇಕಾದ ಜಾಗದಲ್ಲಿ ಬರೆದೆ: ಚುಕ್ಕಾಣಿಯ ದೋಷ ಉಂಟೆಂದು ಜತ್ತಪ್ಪ ಸೂಚಿಸಿದ್ದ, ವಿಚಾರಿಸಲು ಹೋದ ಬೆಳ್ಳಾರೆಯ ಕೃಷ್ಣಮೋಹನ ಅದನ್ನು ತಿರುಚಿ ಹೇಳಿದ. ತಂಬಿಚ್ಚ ಓದಿದರು. ಹೊಡೆದು ಹಾಕಲಿಲ್ಲ.

ಚಹಾ ತಣ್ಣಗಾಗಿತ್ತು. ಗುಟುಕರಿಸಿ ಲೋಟ ಕೆಳಗಿಟ್ಟೆ. ಯಾರಾದರೂ ಒಬ್ಬರು ಮಲ್ಲ ಇಜ್ಜಿ ಎನ್ನಬಹುದೇ ಎಂದು ಸ್ವಲ್ಪ ಹೊತ್ತು ಕಾದೆ. ಯಾರೂ ಅನ್ನಲಿಲ್ಲ.