ತಾಯಿಯ ಕ್ಲೋಸಪ್

ಲೆನೋರ್ ಆಶ್‌ಬಿಯ ಮುಖ ಒಂದು ಕಾಲಕ್ಕೆ ಹಾಲಿವುಡ್ಡಿನ ಬೀದಿಗಳಲ್ಲಿ ಮನೆಯೆತ್ತರದ ಪೋಸ್ಟರುಗಳಲ್ಲಿ ನಗುತ್ತಿತ್ತು. ಈಗ ಸಿಕ್ಕಿದ್ದು ನಾಯಕಿ ಜೋನೆಲ್‌ಳ ಅಮ್ಮನ ಪಾತ್ರ. ವಯಸ್ಸು ನೋಡಿದರೆ ಅಕ್ಕನಾಗಬೇಕಿತ್ತು. ಆದರೆ ಸ್ಟುಡಿಯೊದ ಮಹಾನುಭಾವರ ಪಾಲಿಗೆ ನಲವತ್ತು ದಾಟಿದ ಹೆಂಗಸೆಂದರೆ ಅಮ್ಮನೇ. ಇಡೀ ಚಿತ್ರದಲ್ಲಿ ಅವಳಿಗಿದ್ದದ್ದು ಒಂದೇ ಕ್ಲೋಸಪ್: ಓಡಿಹೋದ ಮಗಳು ಮರಳಿದಾಗ ತಾಯಿಯ ಮುಖ. ಅದು ಜನಕ್ಕೆ ನಾಟಿದರೆ ಕರಾರು ಮುಂದುವರಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದೇ.

"ಕೈಕಾಲು ನಡುಗ್ತಿದೆ ಕಣೇ ಹಿಲ್ಡಾ."

"ನಡುಗ್ಲಿ ಬಿಡಿ ಮೇಡಂ, ಮುದುಕಿ ಪಾತ್ರ ತಾನೇ!"

ದೀಪ ಹೊಂದಿಸುವಾಗ ತಾರೆ ಬೆವರಬಾರದೆಂದು ಅವಳ ಬದಲು ನಿಲ್ಲುವವಳು ಹಿಲ್ಡಾ. ಲೆನೋರಳದೇ ಎತ್ತರ, ಅದೇ ಮೈಕಟ್ಟು. ಮೂಕಿ ಚಿತ್ರಗಳ ಕಾಲದಿಂದ ಲೆನೋರಳ ಪಾಲಿನ ಬೇಗೆಯನ್ನೆಲ್ಲ ಇವಳೇ ಉಂಡಿದ್ದಳು.

ಮೊದಲು ಜೋನೆಲ್‌ಳ ಮುಖ ತೆಗೆದರು. ಲೆನೋರ್ ಕ್ಯಾಮೆರಾದ ಪಕ್ಕ ನಿಂತು, ತನ್ನ ಮಾತುಗಳನ್ನು ಮನಸಾರೆ ಆಡಿದಳು. ಎದುರಿನವರಿಗೆ ಅಭಿನಯಿಸಲು ಜೀವಂತ ಕಣ್ಣು ಬೇಕಲ್ಲ, ಅದು ಆ ಕಸುಬಿನ ಮರ್ಯಾದೆ. ಲೆನೋರಳ ಸರದಿ ಬಂದಾಗ ಜೋನೆಲ್ ಕೋಟು ಹಾಕಿಕೊಂಡಳು.

"ನಂಗೆ ಊಟಕ್ಕೆ ಕರೆದಿದಾರೆ. ಯಾವುದಾದ್ರೂ ಕುರ್ಚಿ ನೋಡ್ಕೊಂಡು ಅತ್ತುಬಿಡಿ, ನಿಮಗೇನು, ಪಳಗಿದೋರು."

ಲೆನೋರ್ ಅವಮಾನ ನುಂಗಿಕೊಂಡು ಒಂದು ಕುರ್ಚಿಗಾಗಿ ಸುತ್ತ ನೋಡಿದಳು. ಯಾರೂ ಹೇಳದೆ ಹಿಲ್ಡಾ ಬಂದು ಕ್ಯಾಮೆರಾದ ಪಕ್ಕ ನಿಂತಳು. ಜನ್ಮದಲ್ಲಿ ಒಂದು ಸಂಭಾಷಣೆ ಹೇಳಿದವಳಲ್ಲ.

"ಅಮ್ಮಾ, ಬಂದ್ಬಿಟ್ಟೆ," ಎಂದಳು, ಅಡುಗೆಮನೆಯ ಬಾಗಿಲಲ್ಲಿ ನಿಂತವಳ ಹಾಗೆ.

ಲೆನೋರಳ ಕೂದಲಿಗೆ ಹೊಂದಲೆಂದು ಇಷ್ಟು ವರ್ಷ ಬಣ್ಣ ಹಚ್ಚಿಸಿಕೊಂಡ ಹಿಲ್ಡಾಳ ಬೈತಲೆಯಲ್ಲಿ ನರೆ ಕಾಣುತ್ತಿತ್ತು. ಲೆನೋರಳ ಕಣ್ಣು ತಾನಾಗಿಯೇ ತುಂಬಿತು. ಮೇಲೆ ಅಟ್ಟಣೆಯಲ್ಲಿದ್ದ ದೀಪದ ಹುಡುಗರೂ ಚಪ್ಪಾಳೆ ತಟ್ಟಿದರು.

ಮರುವಾರ ಜೋನೆಲ್ ತನ್ನ ಮುಖ ಚೆನ್ನಾಗಿ ಬಂದಿಲ್ಲವೆಂದು ರಚ್ಚೆ ಹಿಡಿದಳು. ಮತ್ತೆ ತೆಗೆದರು. ತಾಯಿಯ ಬೆನ್ನು ಕಂಡರೆ ಸಾಕೆಂದು ಲೆನೋರಳನ್ನು ಕರೆಯದೆ ಹಿಲ್ಡಾಳಿಗೇ ಶಾಲು ಹೊದಿಸಿ ನಿಲ್ಲಿಸಿದರು. ಸುದ್ದಿ ಕೇಳಿ ಲೆನೋರ್ ನಕ್ಕಳು: "ಬೆನ್ನು ನೀನೇ ಇಟ್ಕೊ ಮಾರಾಯ್ತಿ, ಮುಖ ನಂದು."

ಬಿಡುಗಡೆಗೆ ಮೊದಲು ಪ್ಯಾಸಡೀನಾದ ಚಿತ್ರಮಂದಿರದಲ್ಲಿ ಜನರಿಗೆ ತೋರಿಸಿದರು. ಇಬ್ಬರೂ ಕೊನೆಯ ಸಾಲಿನಲ್ಲಿ ಕೂತಿದ್ದರು. ಮಗಳು ಬಾಗಿಲು ತೆರೆದಳು. ಪರದೆ ತುಂಬ ಜೋನೆಲ್‌ಳ ಮುಖ, ಅವಳ ಕಣ್ಣೀರು. ಮೂಲೆಯಲ್ಲಿ ಶಾಲು ಹೊದ್ದ ಹೆಗಲು. ಈಗ ತನ್ನ ಮುಖ ಬರುತ್ತದೆ, ಈಗ ಬರುತ್ತದೆ ಎಂದು ಲೆನೋರ್ ಉಸಿರು ಬಿಗಿಹಿಡಿದಳು. ಅಷ್ಟರಲ್ಲಿ ದೃಶ್ಯ ಬದಲಾಗಿ ಪರದೆಯ ಮೇಲೆ ರೈಲು ಓಡತೊಡಗಿತು.

ಮುಂದಿನ ಸಾಲಿನ ಹೆಂಗಸು ಮೂಗೊರೆಸಿಕೊಂಡಳು. "ಪಾಪ, ಆ ತಾಯಿ! ಯಾರ್ರೀ ಅವಳು?"

"ಯಾರಿಗ್ಗೊತ್ತು? ಮುಖಾನೇ ತೋರಿಸ್ಲಿಲ್ವಲ್ಲ," ಎಂದ ಗಂಡ.

ಹಿಲ್ಡಾ ಬಿಕ್ಕಿದಳು. "ಮೇಡಂ, ನಾ ನಿಲ್ಲಬಾರ್ದಿತ್ತು."

"ಸುಮ್ನಿರೇ. ಚೆನ್ನಾಗಿ ನಿಂತಿದೀಯ." ಲೆನೋರ್ ಅವಳ ಕೈ ಹಿಡಿದುಕೊಂಡಳು. ಮೆಲ್ಲಗೆ ಕೇಳಿದಳು: "ಆ ಮಾತು ಇನ್ನೊಂದ್ಸಲ ಹೇಳೇ."

"ಅಮ್ಮಾ," ಎಂದಳು ಹಿಲ್ಡಾ, "ಬಂದ್ಬಿಟ್ಟೆ."

ಲೆನೋರ್ ಅವಳತ್ತ ತಿರುಗಿದಳು. ಆ ಮುಖವನ್ನು ನೋಡಿದ್ದು ಹಿಲ್ಡಾ ಒಬ್ಬಳೇ.